ಆಟಿಯ ಹಸಿವು

ವಿಟ್ಲದಲ್ಲಿ ಹತ್ತಿದ ಬಸ್ಸು ಕನ್ಯಾನ ಪೇಟೆಯಲ್ಲಿ ನಿಮ್ಮನ್ನು ಇಳಿಸಿ ಕೇರಳದ ಗಡಿ ಕಡೆಗೆ ಮುಂದುವರಿಯುತ್ತದೆ. ಮಧ್ಯಾಹ್ನ ಒಂದೂವರೆ ಗಂಟೆ. ಬೆಳಕು ನೋಡಿದರೆ ಸಂಜೆ ಆರು ಅನ್ನಬೇಕು. ತುಳುನಾಡಿನ ಆಟಿ ತಿಂಗಳ ಮಳೆ. ಕೊಡೆ ಬಿಡಿಸುವಷ್ಟರಲ್ಲಿ ಹೆಗಲು ಒದ್ದೆ. ಅಂಗಡಿ ಜಗಲಿಯಲ್ಲಿ ನಿಂತವರ ಮಾತು ಒಂದೇ: "ನಿಮ್ಮಲ್ಲಿ ಎರಡನೇ ಮದ್ದು ಆಯ್ತಾ?"

ಮದ್ದು ಅಂದರೆ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮಳೆಗಾಲ ಹಿಡಿಯುವ ಮೊದಲು ಒಮ್ಮೆ, 40-45 ದಿನ ಕಳೆದ ಮೇಲೆ ಇನ್ನೊಮ್ಮೆ ಅಡಿಕೆ ಗೊನೆಗಳಿಗೆ ಬಿಡಬೇಕು. ಮಳೆ ಸುರಿಯುತ್ತಿರುವಾಗ ಬಿಡುವ ಹಾಗಿಲ್ಲ, ಬಿಡದೆ ಇದ್ದರೆ ಕೊಳೆರೋಗ. ಜುಲೈ ಕೊನೆಯಲ್ಲಿ ಈ ಊರಿನ ಅರ್ಧ ಜನ ಆಕಾಶ ನೋಡುತ್ತಾ ಬದುಕುತ್ತಾರೆ.

ನೀವು ಉಳಿಯುವ ಮನೆ ಪೇಟೆಯಿಂದ ಕೆಳಗೆ, ತೋಟದ ನಡುವೆ. ಯಜಮಾನರು ಐವತ್ತು ದಾಟಿದವರು. ನಿಮಗೆ ಕೈಕಾಲು ತೊಳೆಯಲೂ ಬಿಡದೆ ಅಡಿಕೆ ಮರಗಳ ಸಾಲಿಗೆ ಇಳಿಸುತ್ತಾರೆ. ಬುಡದಲ್ಲಿ ಹಸಿರು ಕಾಯಿಗಳು ಚೆಲ್ಲಿಬಿದ್ದಿವೆ. ಒಂದನ್ನು ಎತ್ತಿ ನಿಮ್ಮ ಅಂಗೈಗೆ ಹಾಕುತ್ತಾರೆ: ತೊಟ್ಟಿನ ಬಳಿ ನೀರು ಹಿಡಿದಂಥ ಕಪ್ಪು, ಅದರ ಮೇಲೆ ಬಿಳಿ ಬೂಷ್ಟು. "ನಿನ್ನೆ ಇಷ್ಟಿರ್ಲಿಲ್ಲ ಮಾರಾಯ್ರೆ." ಫೋನು ಕಿವಿಗಿಡುತ್ತಾರೆ. ಮದ್ದು ಬಿಡುವವನ ದನಿ ನಿಮಗೂ ಕೇಳುತ್ತದೆ: "ಮಳೆ ಬಿಟ್ಟ ಕೂಡ್ಲೆ ಬರ್ತೇನೆ ಅಣ್ಣ. ಮರ ಜಾರ್ತದೆ, ಎಂತ ಮಾಡುವುದು?" ಕಾರ್ಬನ್ ಫೈಬರಿನ ಉದ್ದ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಮದ್ದು ಬಿಡಬಹುದು. ಆದರೆ ದೋಟಿಗೂ ಮಳೆ ನಿಲ್ಲಿಸಲು ಬರುವುದಿಲ್ಲ.

ಊಟಕ್ಕೆ ಕೂತಾಗ ಅವರ ಕೈ ಬಾಳೆಲೆಯಲ್ಲಿ ಸುಮ್ಮನೆ ಆಡುತ್ತದೆ. ಕುಚ್ಚಲಕ್ಕಿ ಅನ್ನ, ಕೆಸುವಿನ ದಂಟಿನ ಸಾಂಬಾರು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಪಲ್ಯ. ನಾಲ್ಕು ತುತ್ತು ಉಂಡು ಏಳುತ್ತಾರೆ. "ಇಳಿಯುವುದಿಲ್ಲ." ಚಿಂತೆ ಎದುರಿಗೆ ಬಂದು ನಿಂತ ಕ್ಷಣದಲ್ಲಿ ಹೊಟ್ಟೆ ಮಾಡುವ ಕೆಲಸ ಇದೇ. ಮಿದುಳಿನ ಬುಡದಿಂದ ಹೊರಟ ತುರ್ತು ಸಂದೇಶ ಜಠರದ ಚಲನೆಯನ್ನು ತಗ್ಗಿಸುತ್ತದೆ, ಅಡ್ರಿನಲಿನ್ ರಕ್ತವನ್ನು ಕೈಕಾಲಿಗೆ ತಿರುಗಿಸುತ್ತದೆ. ಹುಲಿ ಎದುರಿದ್ದಾಗ ಊಟ ಯಾರಿಗೆ ಬೇಕು? ಹುಲಿ ಹತ್ತು ನಿಮಿಷದಲ್ಲಿ ಹೋಗಿಬಿಡುತ್ತದೆ ಎಂಬ ಲೆಕ್ಕದಲ್ಲಿ ಈ ವ್ಯವಸ್ಥೆ ಆಗಿದೆ. ಕೊಳೆರೋಗ ಹಾಗೆ ಹೋಗುವುದಲ್ಲ. ಸೊಸೈಟಿಯ ಬೆಳೆಸಾಲವಂತೂ ಹೋಗುವುದೇ ಇಲ್ಲ.

ಸಂಜೆ ನಾಲ್ಕೂವರೆಗೆ ಅದೇ ಮನುಷ್ಯ ಚಹಾದ ಜೊತೆ ಮಿಕ್ಸ್ಚರಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಅಡಿಕೆಯ ರೇಟು, ಕಳೆದ ವರ್ಷದ ಎಲೆಚುಕ್ಕಿ ರೋಗ, ಬೆಂಗಳೂರಿನಲ್ಲಿರುವ ಮಗ. ಮಾತು ಯಾವುದೇ ಇರಲಿ, ಕೈ ಡಬ್ಬಿಗೆ ಹೋಗಿ ಬರುತ್ತಿದೆ. ಕಣ್ಣು ಆ ಕಡೆ ನೋಡುವುದೇ ಇಲ್ಲ. ಮನೆಯಾಕೆ ನಿಮ್ಮ ಮುಖ ನೋಡಿ ಹುಬ್ಬೇರಿಸುತ್ತಾರೆ. "ಮಧ್ಯಾಹ್ನ ಇಳಿಯಲಿಲ್ಲ, ಈಗ ನೋಡಿ. ಬಾಯಿಚಪಲ."

ಒಳ್ಳೆಯ ಹೆಂಗಸು, ಆದರೆ ಇಲ್ಲಿ ಬಾಯಿಯ ತಪ್ಪು ಅಷ್ಟಿಲ್ಲ. ಚಹಾದ ಮೇಜಿನ ಈ ಬದಿಯಿಂದ ನೀವು ಒಮ್ಮೆ ಅವರ ಅಂಗಿಯ ಗುಂಡಿಗಳ ಆಚೆ, ಎಡ ಪಕ್ಕೆಲುಬಿನ ಒಳಗೆ ಇಳಿಯಬೇಕು. ಜಠರದ ಮೇಲ್ಭಾಗದ ಗೋಡೆಯಲ್ಲಿ ಒಂದು ಜಾತಿಯ ಜೀವಕೋಶಗಳಿವೆ. ಹೊಟ್ಟೆ ಖಾಲಿಯಾದಾಗ ಅವು ಗ್ರೆಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. 1999ರಲ್ಲಿ ಜಪಾನಿನ ಒಸಾಕಾದಲ್ಲಿ ಮಸಾಯಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಅದನ್ನು ಕಂಡುಹಿಡಿದರು. 28 ಅಮೈನೊ ಆಮ್ಲಗಳ ಚಿಕ್ಕ ಸರ. ಮೂರನೆಯದಕ್ಕೆ 8 ಇಂಗಾಲದ ಒಂದು ಕೊಬ್ಬಿನಾಮ್ಲ ಅಂಟಿಕೊಂಡರೆ ಮಾತ್ರ ಮಿದುಳಿನ ಹಸಿವಿನ ಬಾಗಿಲು ತೆರೆಯುತ್ತದೆ. ಆ ಕೊಬ್ಬಿನಾಮ್ಲ ಈ ಮನೆಯ ತೆಂಗಿನೆಣ್ಣೆಯಲ್ಲೇ ಇದೆ, ಶೇಕಡ 5ರಿಂದ 10ರ ಒಳಗೆ. ಇಲಿಗಳಿಗೆ ತಿನ್ನಿಸಿದಾಗ ಅದು ನೇರವಾಗಿ ಗ್ರೆಲಿನ್‌ಗೆ ಅಂಟಿದ್ದನ್ನೂ ಜಪಾನಿನವರು ತೋರಿಸಿದ್ದಾರೆ. ಹಾಗೆಂದು ತೆಂಗಿನೆಣ್ಣೆಯಿಂದಲೇ ಹಸಿವು ಎಂದು ಈ ಜಗಲಿಯಲ್ಲಿ ಹೇಳಲು ಹೋಗಬೇಡಿ. ವಿಜ್ಞಾನವೂ ಅಷ್ಟು ಹೇಳುವುದಿಲ್ಲ, ರಾತ್ರಿ ಊಟವೂ ಸಿಕ್ಕಲಿಕ್ಕಿಲ್ಲ.

ಹೊಟ್ಟೆ ಹೀಗೆ ಮಾತಾಡುತ್ತದೆ ಎಂಬುದು ಹಳೆಯ ಸುದ್ದಿ. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯೊಂದರ ಕರುಳಿನ ನರಗಳನ್ನು ಕಡಿದು, ಅಲ್ಲಿಗೆ ಆಮ್ಲ ಹಾಕಿದರು. ನರವೇ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿಗೆ ಸುದ್ದಿ ಮುಟ್ಟಿತು, ರಸ ಸುರಿಯಿತು. ರಕ್ತದ ಮೂಲಕ ಹೋದ ಆ ಸುದ್ದಿಯೇ ಸೆಕ್ರೆಟಿನ್. ಹಾರ್ಮೋನು ಎಂಬ ಹೆಸರು ಹುಟ್ಟಿದ್ದು ಅದಾಗಿ ಮೂರು ವರ್ಷಕ್ಕೆ. ಹಾಗಾಗಿ ಮೊದಲ ಹಾರ್ಮೋನಿನ ಗೌರವ ಕರುಳಿನದ್ದು. ಥೈರಾಯ್ಡು, ಇನ್ಸುಲಿನ್ನುಗಳ ಗಲಾಟೆಯಲ್ಲಿ ನಾವದನ್ನು ಮರೆತಿದ್ದೇವೆ.

ಮಿಕ್ಸ್ಚರಿನ ಡಬ್ಬಿ ಅರ್ಧವಾಗಿದೆ. ಯಜಮಾನರ ಮುಖದ ಬಿಗು ಸ್ವಲ್ಪ ಸಡಿಲಿದೆ. ನಿಮಗದು ಕಾಣುತ್ತದೆ, ಅವರ ಅಮ್ಮನಿಗೂ ಕಾಣುತ್ತದೆ. ಮುದುಕಿ ಒಲೆಯ ಹತ್ತಿರ ಕಾಲು ಚಾಚಿ ಕೂತಿದ್ದಾರೆ. "ತಿನ್ನಲಿ ಬಿಡು," ಎನ್ನುತ್ತಾರೆ ಸೊಸೆಗೆ. "ನಮ್ಮ ಕಾಲದ ಆಟಿಯಲ್ಲಿ ತಿನ್ನಲಿಕ್ಕೆ ಎಂತ ಇತ್ತು? ಕಣಜ ಗುಡಿಸಿದರೆ ಮುಗೀತು. ಮಳೆಯಲ್ಲಿ ನೆನೆದುಕೊಂಡು ಹೋಗಿ ಕಣಿಲೆ ತರಬೇಕು, ಕೆಸು ತರಬೇಕು, ಚಗಟೆ ಸೊಪ್ಪು ಕೊಯ್ಯಬೇಕು. ಹೊಟ್ಟೆಗಿಲ್ಲ ಅಂತ ಮನೆಯಲ್ಲಿ ಮಂಕಾಗಿ ಕೂತವರುಂಟಾ?"

ಮುದುಕಿಯ ಕೊನೆಯ ಪ್ರಶ್ನೆಯನ್ನು 2008ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಲಿಗಳಿಗೆ ಕೇಳಿದ್ದಾರೆ. ಜೆಫ್ರಿ ಜಿಗ್ಮನ್ ಅವರ ತಂಡ ಸಣ್ಣ ಇಲಿಯನ್ನು ದಿನವೂ ಸ್ವಲ್ಪ ಹೊತ್ತು ಒಂದು ದೊಡ್ಡ, ಜಗಳಗಂಟ ಇಲಿಯ ಗೂಡಿಗೆ ಬಿಟ್ಟಿತು. ಒದೆ ತಿಂದ ಇಲಿ ಮಂಕಾಯಿತು, ಬೇರೆ ಇಲಿಗಳ ಹತ್ತಿರ ಸುಳಿಯಲಿಲ್ಲ. ಅದರ ರಕ್ತದಲ್ಲಿ ಗ್ರೆಲಿನ್ ಏರಿತು. ಒದೆ ನಿಂತು ವಾರಗಳು ಕಳೆದರೂ ಇಳಿಯಲಿಲ್ಲ. ಇಲಿ ಹೆಚ್ಚು ತಿಂದಿತು. ಗ್ರೆಲಿನ್‌ನ ಮಾತೇ ಕೇಳಿಸದ, ಅಂದರೆ ಅದರ ಗ್ರಾಹಕವೇ ಇಲ್ಲದ ಇಲಿಗಳನ್ನು ಅದೇ ಶಿಕ್ಷೆಗೆ ಒಡ್ಡಿದಾಗ ಅವು ಹೆಚ್ಚು ತಿನ್ನಲಿಲ್ಲ, ಆದರೆ ಇನ್ನೂ ಹೆಚ್ಚು ಕುಗ್ಗಿದವು. ಕೆಲವು ಇಲಿಗಳಿಗೆ ಹತ್ತು ದಿನ ಅರೆಹೊಟ್ಟೆ ಹಾಕಿದಾಗ ಗ್ರೆಲಿನ್ ಏರಿ, ಮಂಕು ತಗ್ಗಿದ್ದೂ ಕಂಡಿತು. ಮೂರು ವರ್ಷದ ನಂತರ ಅದೇ ತಂಡ ಇನ್ನೊಂದು ಸಂಗತಿ ತೋರಿಸಿತು: ಒದೆ ತಿಂದ ಇಲಿ ಕೊಬ್ಬಿನ ತಿಂಡಿ ಸಿಕ್ಕ ಕೋಣೆಗೇ ಮತ್ತೆ ಮತ್ತೆ ಹೋಗುತ್ತದೆ, ಗ್ರಾಹಕವಿಲ್ಲದ್ದು ಹೋಗುವುದಿಲ್ಲ.

ಅಂದರೆ ಈ ಹಾರ್ಮೋನು ಒಂದೇ ಕೈಯಲ್ಲಿ ಎರಡು ಕೆಲಸ ಮಾಡುತ್ತದೆ. ತಿನ್ನು ಎನ್ನುತ್ತದೆ, ಕುಗ್ಗಬೇಡ, ಏಳು, ಹುಡುಕಲು ಹೋಗು ಎಂದೂ ಎನ್ನುತ್ತದೆ. ಮುದುಕಿಯ ಆಟಿಗೆ ಇದು ಸರಿಯಾಗಿ ಹೊಂದುತ್ತದೆ: ಹಸಿವು ಇತ್ತು, ಅದರೊಟ್ಟಿಗೆ ಮಳೆಯಲ್ಲಿ ಕಣಿಲೆ, ಅಂದರೆ ಎಳೆ ಬಿದಿರು, ಹುಡುಕುವ ಚೈತನ್ಯವೂ ಬೇಕಿತ್ತು, ಸಿಕ್ಕಿದ್ದು ಬುಟ್ಟಿಯ ತಳ ಮುಚ್ಚುವಷ್ಟು. ಮಗನ ಆಟಿಯಲ್ಲಿ ಹುಡುಕಲು ಎದ್ದವನು ಮೂರು ಹೆಜ್ಜೆಗೆ ಬೇಕರಿಯ ಪೊಟ್ಟಣ ಮುಟ್ಟುತ್ತಾನೆ.

ಮನುಷ್ಯರಲ್ಲಿ ಲೆಕ್ಕ ಇಷ್ಟು ನೇರ ಇಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ದಪ್ಪಗಿರುವವರ ಖಾಲಿಹೊಟ್ಟೆಯ ಗ್ರೆಲಿನ್ ತೆಳ್ಳಗಿರುವವರದ್ದಕ್ಕಿಂತ ಕಡಿಮೆಯೇ ಇರುತ್ತದೆ. ಕೆನಡಾದ ಒಟ್ಟಾವಾದಲ್ಲಿ 2010ರಲ್ಲಿ ಕಂಡದ್ದು ಬೇರೆಯೇ: ಬೇಸರಕ್ಕೆ ತಿನ್ನುವ ಅಭ್ಯಾಸದವರಲ್ಲಿ ತಿಂದ ಮೇಲೂ ಗ್ರೆಲಿನ್ ಇಳಿಯಬೇಕಾದ ಹಾಗೆ ಇಳಿಯಲಿಲ್ಲ. ಇದು ನನಗೆ ಹೆಚ್ಚು ಮುಖ್ಯ ಎನಿಸುತ್ತದೆ. ಹಸಿವು ಏರುವುದರಲ್ಲಿ ವಿಶೇಷ ಇಲ್ಲ, ಎಲ್ಲರದ್ದೂ ಏರುತ್ತದೆ.

ರಾತ್ರಿ ಎಂಟಕ್ಕೆ ಯಜಮಾನರ ಬಟ್ಟಲಿಗೆ ಗಂಜಿ, ಪಕ್ಕಕ್ಕೆ ತಿಮರೆ ಚಟ್ನಿ. ನಿಮಗೆ ಪತ್ರೊಡೆ. ಅವರು ನಿಮ್ಮ ತಟ್ಟೆ ನೋಡುತ್ತಾರೆ. "ಡಾಕ್ಟ್ರು ಹೇಳಿದ್ದಾರೆ, ರಾತ್ರಿ ಗಂಜಿ ಮಾತ್ರ ಅಂತ." ಹೇಳುವ ಧಾಟಿಯಲ್ಲಿ ಗಂಜಿಯ ಮೇಲಿನ ಪ್ರೀತಿ ಚೂರೂ ಇಲ್ಲ. ಟಿವಿಯಲ್ಲಿ ಕರಾವಳಿಗೆ ಆರೆಂಜ್ ಅಲರ್ಟ್. ಐದು ನಿಮಿಷದಲ್ಲಿ ಬಟ್ಟಲು ಖಾಲಿ. "ನಿಧಾನ ಉಣ್ಣು ಮಗಾ," ಎನ್ನುತ್ತದೆ ಒಲೆಯ ಬದಿಯ ದನಿ.

ನಿಧಾನ ಏಕೆಂದರೆ, ಸಾಕು ಎನ್ನುವವರು ಕೆಳಗೆ ಕೂತಿದ್ದಾರೆ. ಕೊಬ್ಬು, ಸಸಾರಜನಕ ಸಣ್ಣಕರುಳಿನ ಮೊದಲ ತಿರುವಿಗೆ ಇಳಿದ ಮೇಲೆ ಕೊಲೆಸಿಸ್ಟೊಕೈನಿನ್ ಹೊರಡುತ್ತದೆ, ವೇಗಸ್ ನರದ ತುದಿಯನ್ನು ತಟ್ಟುತ್ತದೆ. ಇನ್ನೂ ಕೆಳಗೆ, ಕರುಳಿನ ಕೊನೆಯ ಭಾಗದಲ್ಲಿ, ಪಿವೈವೈ ಮತ್ತು ಜಿಎಲ್‌ಪಿ-1 ಕಾಯುತ್ತಿವೆ. ಇವರೆಲ್ಲ ಬಾಯಿ ತೆರೆಯಲು ಇಪ್ಪತ್ತು ನಿಮಿಷದ ಹತ್ತಿರ ಹತ್ತಿರ ಬೇಕು. ಜಿಎಲ್‌ಪಿ-1ರ ಆಯುಸ್ಸಂತೂ ಇಲ್ಲಿನ ಮಳೆಗಾಲದ ಕರೆಂಟಿನ ಹಾಗೆ: ಬಂತು ಅನ್ನುವಷ್ಟರಲ್ಲಿ, ಎರಡು ನಿಮಿಷಕ್ಕೆ, ಅರ್ಧ ಹೋಗಿರುತ್ತದೆ. ತೆಳು ಗಂಜಿಯಲ್ಲಿ ಇವರನ್ನು ಎಬ್ಬಿಸುವಂಥದ್ದು ಏನೂ ಹೆಚ್ಚಿಲ್ಲ. ಅದರ ಮೇಲೆ "ಗಂಜಿ ಮಾತ್ರ" ಎಂಬ ಆ ಮುಖ.

ಆ ಮುಖಕ್ಕೂ ಹೊಟ್ಟೆಗೂ ಸಂಬಂಧವಿದೆ. 2011ರಲ್ಲಿ ಅಮೆರಿಕದ ಯೇಲ್‌ನಲ್ಲಿ ಆಲಿಯಾ ಕ್ರಮ್ 46 ಜನರಿಗೆ ಮಿಲ್ಕ್‌ಶೇಕ್ ಕುಡಿಸಿದರು. ಎರಡು ಸಲವೂ 380 ಕ್ಯಾಲೊರಿಯ ಅದೇ ಮಿಲ್ಕ್‌ಶೇಕ್. ಒಮ್ಮೆ ಚೀಟಿಯಲ್ಲಿ 620 ಕ್ಯಾಲೊರಿ, ಭೋಗದ್ದು ಎಂದು ಬರೆದಿತ್ತು; ಇನ್ನೊಮ್ಮೆ 140 ಕ್ಯಾಲೊರಿ, ಪಥ್ಯದ್ದು ಎಂದು. ಭೋಗ ಎಂದು ನಂಬಿ ಕುಡಿದಾಗ ಗ್ರೆಲಿನ್ ಕಡಿದಾಗಿ ಇಳಿಯಿತು. ಪಥ್ಯ ಎಂದಾಗ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಇದೇ ಮನೆಯಲ್ಲಿ ಇದೇ ಗಂಜಿಯನ್ನು ಮುದುಕಿ ಒಂದು ಉಪ್ಪಿನಕಾಯಿ ಮಿಡಿ ಇಟ್ಟುಕೊಂಡು ಎಷ್ಟು ತೃಪ್ತಿಯಿಂದ ಉಂಡರು ಎಂದು ನೀವು ಈಗಷ್ಟೇ ನೋಡಿದ್ದೀರಿ.

ಹನ್ನೊಂದಕ್ಕೆ ಕರೆಂಟು ಹೋಗುತ್ತದೆ. ಹಂಚಿನ ಮೇಲೆ ಮಳೆ. ತೋಟದ ಕಡೆಯಿಂದ ಕಪ್ಪೆ. ನಡುಮನೆಯಲ್ಲಿ ಮಲಗಿದ ನಿಮಗೆ ಪಕ್ಕದ ಕೋಣೆಯ ಮೊಬೈಲಿನ ಬೆಳಕು ಬಾಗಿಲ ಸಂದಿಯಲ್ಲಿ ಕಾಣುತ್ತದೆ. ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪು. ಯಾರದೋ ತೋಟದ ಉದುರಿದ ಕಾಯಿಯ ರಾಶಿ, ಯಾರದೋ ಸಲಹೆ, ಯಾರದೋ ನಿಟ್ಟುಸಿರಿನ ಧ್ವನಿಸಂದೇಶ. ಒಂದು ಗಂಟೆಗೆ ಬೆಳಕು ಏಳುತ್ತದೆ, ಅಡುಗೆಮನೆ ಕಡೆಗೆ ನಡೆಯುತ್ತದೆ. ಡಬ್ಬಿಯ ಮುಚ್ಚಳ. ಸ್ಟೌ ಹೊತ್ತಿದ ಸದ್ದು. ಆಮೇಲೆ ಎಣ್ಣೆಗೆ ಹಲಸಿನ ಹಪ್ಪಳ ಬಿದ್ದ ಸದ್ದು, ಅದನ್ನು ಈ ಸೀಮೆಯಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ನೀವೂ ಏಳುತ್ತೀರಿ. ನಿಮ್ಮನ್ನು ಕಂಡು ಅವರು ನಾಚುವುದಿಲ್ಲ, ಇನ್ನೆರಡು ಹಪ್ಪಳ ಹಾಕುತ್ತಾರೆ. "ನಿದ್ದೆ ಬರ್ಲಿಲ್ಲ. ಹೊಟ್ಟೆ ಎಂತದೋ ಕೇಳ್ತದೆ."

ಕೇಳುವುದು ನಿಜ. ಷಿಕಾಗೋದಲ್ಲಿ 2004ರಲ್ಲಿ 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಹಾಸಿಗೆ ಕೊಟ್ಟರು. ಹತ್ತು ಗಂಟೆ ಕೊಟ್ಟ ರಾತ್ರಿಗಳಿಗೆ ಹೋಲಿಸಿದರೆ ಗ್ರೆಲಿನ್ ಶೇಕಡ 28 ಏರಿತ್ತು, ತೃಪ್ತಿಯ ಹಾರ್ಮೋನು ಲೆಪ್ಟಿನ್ ಶೇಕಡ 18 ಇಳಿದಿತ್ತು. ಹೆಚ್ಚು ಆಸೆಯಾದದ್ದು ಸಿಹಿ, ಉಪ್ಪು, ಪಿಷ್ಟದ ತಿಂಡಿಗಳಿಗೆ. ಹಲಸಿನ ಹಪ್ಪಳದಲ್ಲಿ ಆ ಮೂರರಲ್ಲಿ ಎರಡು ಇವೆ, ಮೂರನೆಯದಕ್ಕೆ ಯಜಮಾನರು ಬೆಲ್ಲದ ಡಬ್ಬಿಯನ್ನೂ ಇಳಿಸಿದ್ದಾರೆ. ಇದರ ಮೇಲೆ ಕಾರ್ಟಿಸಾಲ್. ದಿನಗಟ್ಟಲೆ ನಿಂತ ಚಿಂತೆಯಲ್ಲಿ ಅದು ಇಳಿಯದೆ ಉಳಿದು, ಎಣ್ಣೆ ಮತ್ತು ಸಿಹಿಯ ಕಡೆಗೇ ಕೈ ಎಳೆಯುತ್ತದೆ.

ಎರಡನೇ ಹಪ್ಪಳಕ್ಕೆ ಅವರು ಮಗನ ವಿಷಯ ಹೇಳತೊಡಗುತ್ತಾರೆ. ಮೂರನೆಯದಕ್ಕೆ ನಗುತ್ತಾರೆ. ಇದು ನಾಲಿಗೆಯ ರುಚಿಯ ಸುಖ ಎಂದು ನಿಮಗನಿಸಬಹುದು. ಬೆಲ್ಜಿಯಮ್ಮಿನ ಲ್ಯೂವೆನ್‌ನಲ್ಲಿ ಇದನ್ನೇ ಪರೀಕ್ಷಿಸಿದರು, 2011ರಲ್ಲಿ. 12 ಜನ, ಮೂಗಿನಿಂದ ಜಠರಕ್ಕೆ ಸಣ್ಣ ನಳಿಕೆ, ಅದರಲ್ಲಿ ಒಮ್ಮೆ ಕೊಬ್ಬಿನಾಮ್ಲ, ಒಮ್ಮೆ ಬರೀ ಉಪ್ಪುನೀರು. ಯಾವುದು ಇಳಿಯುತ್ತಿದೆ ಎಂದು ಅವರಿಗೆ ಗೊತ್ತಿಲ್ಲ, ನಾಲಿಗೆಗೆ ಏನೂ ತಾಗಿಲ್ಲ. ದುಃಖದ ಸಂಗೀತ ಕೇಳಿಸಿ, ದುಃಖದ ಮುಖಗಳನ್ನು ತೋರಿಸಿ, ಮಿದುಳಿನ ಸ್ಕ್ಯಾನ್ ತೆಗೆದರು. ಹೊಟ್ಟೆಗೆ ಕೊಬ್ಬು ಇಳಿದವರಿಗೆ ದುಃಖ ಕಡಿಮೆ ತಟ್ಟಿತು, ಮಿದುಳಿನಲ್ಲೂ ಅದರ ಗುರುತು ತಗ್ಗಿತ್ತು. ಬಾಯಿಗೆ ಗೊತ್ತೇ ಆಗದೆ ಹೊಟ್ಟೆ ಮನಸ್ಸನ್ನು ಸಂತೈಸಿತ್ತು. ಈ ರಾತ್ರಿ ಒಂದು ಗಂಟೆಗೆ ಕನ್ಯಾನದ ಈ ಅಡುಗೆಮನೆಯಲ್ಲಿ ಬಾಯಿಚಪಲ ಎಂಬ ಆರೋಪ ನಿಲ್ಲುವುದಿಲ್ಲ. ಸಮಾಧಾನ ನಿಜವಾದದ್ದು. ತೊಂದರೆ ಇರುವುದು, ಹಪ್ಪಳ ಕೊಡುವ ಸಮಾಧಾನ ಒಂದು ಗಂಟೆಯದ್ದು, ಕೊಳೆಯ ಚಿಂತೆ ಸೆಪ್ಟೆಂಬರಿನವರೆಗಿನದ್ದು.

ಮನೆಯಾಕೆ ಬಾಗಿಲಲ್ಲಿ ನಿಂತಿದ್ದಾರೆ. ಏಪ್ರಿಲಿನ ಬಿಸಿಲಲ್ಲಿ ಈ ಹಪ್ಪಳಗಳನ್ನು ಒತ್ತಿ, ಒಣಗಿಸಿ, ಎಣಿಸಿ ತುಂಬಿಟ್ಟವರು. ಬೈಯುತ್ತಾರೆ ಎಂದು ನೀವು ಕಾಯುತ್ತೀರಿ. ಅವರು ಬಂದು ಕೂತು ಒಂದು ತುಂಡು ಮುರಿದುಕೊಳ್ಳುತ್ತಾರೆ. "ದುಬೈಯಿಂದ ಇವರ ಅಣ್ಣನ ಮಗ ಫೋನು ಮಾಡಿದ್ದ. ಅಲ್ಲಿ ಎಲ್ಲ ವಾರಕ್ಕೊಂದು ಇಂಜೆಕ್ಷನ್ ತಗೊಳ್ತಾರಂತೆ, ತಿನ್ಲಿಕ್ಕೇ ಬೇಡ ಅನಿಸ್ತದಂತೆ." ಅದು ಎರಡು ನಿಮಿಷದ ಆ ಜಿಎಲ್‌ಪಿ-1ನ್ನೇ ತಿದ್ದಿ, ವಾರ ಬಾಳುವ ಹಾಗೆ ಮಾಡಿದ ಸೆಮಾಗ್ಲುಟೈಡ್. 2025ರ ಜೂನ್‌ನಲ್ಲಿ ವೆಗೋವಿ ಎಂಬ ಹೆಸರಿನಲ್ಲಿ ಭಾರತಕ್ಕೂ ಬಂದಿದೆ. ಸಕ್ಕರೆ ಕಾಯಿಲೆಗೂ ಬೊಜ್ಜಿಗೂ ಅದು ಕೆಲಸ ಮಾಡುತ್ತದೆ, ವೈದ್ಯರ ಕಣ್ಣಳತೆಯಲ್ಲಿ. "ಕೊಳೆಗೆ ಇಂಜೆಕ್ಷನ್ ಉಂಟಾ ಕೇಳು ಅವನತ್ರ," ಎನ್ನುತ್ತಾರೆ ಯಜಮಾನರು.

ನಾಲ್ಕೂವರೆಗೆ ಮುದುಕಿ ಎಲ್ಲರನ್ನೂ ಎಬ್ಬಿಸುತ್ತಾರೆ. ಆಟಿ ಅಮಾವಾಸ್ಯೆ. ಬೆಳಕು ಹರಿಯುವ ಮೊದಲು ಹಾಲೆ ಮರದ ಕೆತ್ತೆ ತರಬೇಕು, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ. ಟಾರ್ಚು ಹಿಡಿದು ನೀವೂ ಹೋಗುತ್ತೀರಿ. ಯಜಮಾನರು ಮರವನ್ನು ಹಗಲೇ ಗುರುತು ಮಾಡಿಟ್ಟಿದ್ದಾರೆ. ಕತ್ತಲಲ್ಲಿ ಕಾಸರಕವೋ ಇನ್ನಾವುದೋ ಮರದ ತೊಗಟೆ ಕೆತ್ತಿ ತಂದು ಆಸ್ಪತ್ರೆ ಸೇರಿದವರ ಕತೆ ಜಿಲ್ಲೆಯಲ್ಲಿ ಹೊಸದಲ್ಲ. ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಅರೆದು ಹಿಂಡಿದ ರಸಕ್ಕೆ ಕೆಂಪಗೆ ಕಾಯಿಸಿದ ಬೆಣಚುಕಲ್ಲಿನ ಒಗ್ಗರಣೆ. ಚುಂಯ್ ಎಂದ ಲೋಟ ನಿಮ್ಮ ಕೈಗೆ ಬರುತ್ತದೆ. ಕಹಿ ನಾಲಿಗೆಯಲ್ಲಿ ನಿಲ್ಲುವುದಿಲ್ಲ, ಎದೆಯವರೆಗೂ ಇಳಿಯುತ್ತದೆ.

ಕಹಿಯನ್ನು ಗುರುತಿಸುವ ಗ್ರಾಹಕಗಳು ನಾಲಿಗೆಯಲ್ಲಷ್ಟೇ ಅಲ್ಲ, ಜಠರ ಮತ್ತು ಕರುಳಿನ ಗೋಡೆಯಲ್ಲೂ ಇವೆ. ಅದೇ ಲ್ಯೂವೆನ್‌ನಲ್ಲಿ ಕಹಿ ರಾಸಾಯನಿಕಗಳನ್ನು ನಳಿಕೆಯಲ್ಲಿ ನೇರ ಹೊಟ್ಟೆಗೆ ಇಳಿಸಿದಾಗ, ಖಾಲಿಹೊಟ್ಟೆಯನ್ನು ಗುರ್ ಎನ್ನಿಸುವ ಅಲೆಗಳು ತಗ್ಗಿ ಹಸಿವು ಕಡಿಮೆಯಾಯಿತು. ಅವರು ಬಳಸಿದ್ದು ಹಾಲೆಯ ಕೆತ್ತೆ ಅಲ್ಲ. ವರ್ಷಕ್ಕೊಂದು ಬೆಳಿಗ್ಗೆಯ ಕಷಾಯ ವರ್ಷದ ಹಪ್ಪಳಕ್ಕೆ ಲೆಕ್ಕ ಚುಕ್ತಾ ಮಾಡುವುದೂ ಇಲ್ಲ. ಮುದುಕಿಗೆ ಆ ಉದ್ದೇಶವೂ ಇಲ್ಲ: "ಹೊಟ್ಟೆಗೆ ತಂಪಿಗೆ ಮೆಂತೆ ಗಂಜಿ ಉಂಟು, ಬನ್ನಿ." ಈ ಗಂಜಿಯಲ್ಲಿ ತೆಂಗಿನ ಹಾಲಿದೆ, ಬೆಲ್ಲವಿದೆ. ಯಜಮಾನರು ಎರಡು ಬಟ್ಟಲು ಸುರಿದುಕೊಳ್ಳುತ್ತಾರೆ, ಯಾವ ಡಾಕ್ಟರನ್ನೂ ನೆನೆಯದೆ.

ಎಂಟೂವರೆಗೆ ಮೋಡ ಹರಿಯುತ್ತದೆ. ಒಂಬತ್ತಕ್ಕೆ ಜೀಪು, ಅದರಲ್ಲಿ ಮೂವರು, ಪಂಪು, ಪೈಪಿನ ಸುರುಳಿ. ಯಜಮಾನರಿಗೆ ಈಗ ನಿಮ್ಮ ನೆನಪಿಲ್ಲ. ನೀಲಿ ಡ್ರಮ್ಮಿನಲ್ಲಿ ಸುಣ್ಣದ ನೀರಿಗೆ ಮೈಲುತುತ್ತಿನ ನೀರು ಹೊಯ್ಯುವವರು ಅವರೇ, ಪೈಪು ಎಳೆಯುವವರು ಅವರೇ, "ಆ ಗೊನೆ ಬಿಟ್ಟಿತು, ಬಲಕ್ಕೆ ಬಲಕ್ಕೆ" ಎಂದು ಮೇಲೆ ನೋಡಿ ಕೂಗುವವರು ಅವರೇ. ಹತ್ತೂವರೆಯ ಚಹಾಕ್ಕೆ ಬಂದ ಅವಲಕ್ಕಿ ಮದ್ದಿನವರ ಪಾಲಾಗುತ್ತದೆ. ಇವರದ್ದು ಹಾಗೇ ಇದೆ.

ಒಂದು ಗಂಟೆಗೆ ಕೈ ತೊಳೆದು ಬಂದು, "ಹಸಿವಾಯ್ತು ಮಾರಾಯ್ತಿ" ಎನ್ನುತ್ತಾರೆ. 2001ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡೇವಿಡ್ ಕಮಿಂಗ್ಸ್ ದಿನವಿಡೀ ರಕ್ತ ತೆಗೆದು ಬರೆದ ಗೆರೆ ಹೀಗೇ ಇತ್ತು: ಪ್ರತಿ ಊಟದ ಮುಂಚೆ ಗ್ರೆಲಿನ್ ಹತ್ತಿರ ಹತ್ತಿರ ಎರಡು ಪಟ್ಟು ಏರುವುದು, ಉಂಡು ಒಂದು ಗಂಟೆಯೊಳಗೆ ತಳ ಮುಟ್ಟುವುದು. ಮದ್ದಿನವರೊಟ್ಟಿಗೆ ಸಾಲಾಗಿ ಕೂತು ಅವರು ನಿನ್ನೆಯ ಅದೇ ಸೊಳೆಯ ಪಲ್ಯವನ್ನು ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಪಕ್ಕದವನ ಜೊತೆ ಬಾಯಾರು ಊರಿನ ಯಾರದೋ ತೋಟದ ಸುದ್ದಿ. ಊಟ ಮುಗಿಯಲು ಅರ್ಧ ಗಂಟೆ ಹಿಡಿಯುತ್ತದೆ. ಎದ್ದವರು ಡಬ್ಬಿಯ ಕಪಾಟಿನ ಕಡೆ ಹೋಗುವುದಿಲ್ಲ.

ತೋಟದ ಮೇಲಿನ ತುಂಡು ಇನ್ನೂ ಬಾಕಿ. ಮೂರೂವರೆಗೆ ಬಾಯಾರಿನ ದಿಕ್ಕಿನಿಂದ ಮೋಡ ಮತ್ತೆ ಕಪ್ಪಾಗುತ್ತದೆ, ಪಂಪು ನಿಲ್ಲುತ್ತದೆ. ಯಜಮಾನರು ಜಗಲಿಗೆ ಹತ್ತಿ ಆಕಾಶ ನೋಡುತ್ತಾರೆ, ಮೊಬೈಲು ನೋಡುತ್ತಾರೆ, ಒಳಗೆ ಕೂಗುತ್ತಾರೆ:

"ಚಹಾಕ್ಕೆ ಕಡೀಲಿಕ್ಕೆ ಎಂತಾದ್ರೂ ಉಂಟಾ?"

"ಹಲಸಿನ ಬೀಜ ಬೇಯಿಸಿದ್ದೇನೆ," ಎನ್ನುತ್ತಾರೆ ಮನೆಯಾಕೆ. "ಸಿಪ್ಪೆ ನೀವೇ ಸುಲ್ಕೊಳ್ಳಿ."